ದ್ವೀಪದಲ್ಲಿ ವಾಲಂಟಿಯರ್ ಆದ್ರೆ ದಿನಾ ಏನ್ ಕೆಲಸ: ಬೂಟ್ ಬ್ರಷ್‌ನಿಂದ ರಾತ್ರಿ ಲಾಗ್ ತನಕ

ವನ್ಯಜೀವಿ ದ್ವೀಪದಲ್ಲಿ ವಾಲಂಟಿಯರ್ ಆಗಿ ಇದ್ದು ಬರ್ತೀನಿ ಅಂದ ತಕ್ಷಣ ಎಲ್ಲರ ಕಣ್ಮುಂದೆ ಬರೋದು ಅಂಗೈಯಲ್ಲೊಂದು ಮರಿಹಕ್ಕಿ, ಹಿಂದೆ ನೀಲಿ ಸಮುದ್ರ. ಆದ್ರೆ ಹೋದವರು ದಿನದ ಬಹುಪಾಲು ಮಾಡೋದು ಏನಂದ್ರೆ ಬೂಟಿನ ಅಡಿ ಬ್ರಷ್‌ನಲ್ಲಿ ಉಜ್ಜೋದು, ಮೇಣದ ತುಂಡಿನ ಮೇಲೆ ಹಲ್ಲಿನ ಗುರುತು ಬಿದ್ದಿದ್ಯಾ ಅಂತ ನೋಡೋದು, ಮೊನ್ನೆ ಎಣಿಸಿದ ಬಂಡೆಯನ್ನೇ ಇವತ್ತು ಮತ್ತೆ ಎಣಿಸೋದು, ಬಂದ ಪ್ರವಾಸಿಗರಿಗೆ ದಾರಿ ಬಿಟ್ಟು ಇಳೀಬೇಡಿ ಅಂತ ಹೇಳೋದು, ಕಕ್ಕಸು ತೊಳೆಯೋದು. ಇದನ್ನ ಕೇಳಿ ಎಷ್ಟೋ ಜನ ಹಿಂದೆ ಸರೀತಾರೆ. ಇದೆಲ್ಲ ಯಾಕೆ ಅಂತ ಯಾರಾದ್ರೂ ಬಿಡಿಸಿ ಹೇಳಿದ್ರೆ ಅವರು ಹಿಂದೆ ಸರಿಯಲ್ಲ ಅನ್ನೋದು ನನ್ನ ನಂಬಿಕೆ, ಅದಕ್ಕೇ ಬರೀತಿದೀನಿ, ಯಾಕಂದ್ರೆ ಅಲ್ಲಿನ ಒಂದೊಂದು ನಿಯಮ ಎಷ್ಟೇ ಚಿಲ್ಲರೆ ಅನ್ನಿಸಿದ್ರೂ ಹಿಂದಿರೋ ಕಾರಣ ಮಾತ್ರ ಒಂದೇ.

ಕಡಲಹಕ್ಕಿಗಳು ಜೀವನದ ಹೆಚ್ಚಿನ ಭಾಗ ನೀರಿನ ಮೇಲೇ ಕಳೀತವೆ, ಆದ್ರೆ ಮೊಟ್ಟೆ ಇಡೋಕೆ ನೆಲಕ್ಕೆ ಬರ್ಲೇಬೇಕು. ಅವು ದ್ವೀಪಗಳನ್ನ ಆರಿಸ್ಕೊಂಡಿದ್ದು ಅಲ್ಲಿ ಇಲಿ, ಬೆಕ್ಕು, ನರಿ ಥರದ ನೆಲದ ಬೇಟೆಗಾರರು ಇರ್ಲಿಲ್ಲ ಅಂತ. ಸಾವಿರಾರು ವರ್ಷ ಹಾಗೇ ನಡೆದಿದ್ರಿಂದ ಬಯಲಲ್ಲೇ ಮೊಟ್ಟೆ, ಇಲ್ಲಾ ಬಿಲದೊಳಗೆ ಮೊಟ್ಟೆ, ಅದನ್ನ ಇಲಿಯಿಂದ ಕಾಪಾಡ್ಕೊಳ್ಳೋ ಯಾವ ಉಪಾಯನೂ ಅವಕ್ಕೆ ಗೊತ್ತಿಲ್ಲ. ಅದರ ಜೊತೆಗೆ ಪಫಿನ್, ಶಿಯರ್‌ವಾಟರ್, ಆಲ್ಬಟ್ರಾಸ್ ಥರದ ಕಡಲಹಕ್ಕಿಗಳು ಒಂದು ಸಲಕ್ಕೆ ಇಡೋದು ಒಂದೇ ಮೊಟ್ಟೆ. ಅದು ಹೋದ್ರೆ ಆ ಜೋಡಿಗೆ ಆ ವರ್ಷ ಸಾಮಾನ್ಯವಾಗಿ ಮುಗೀತು. ಇಂಥ ಜಾಗಕ್ಕೆ ಒಂದು ಗಬ್ಬದ ಇಲಿ ದೋಣಿಯಿಂದ ಇಳಿದ್ರೆ ಏನಾಗತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲೆಂಡಿನ ನೈಋತ್ಯ ಕರಾವಳಿ ಆಚೆ ಲಂಡಿ ಅಂತ ಒಂದು ದ್ವೀಪ ಇದೆ, 2001ರ ಹೊತ್ತಿಗೆ ಅಲ್ಲಿ ಉಳಿದಿದ್ದು 13 ಪಫಿನ್. ಇಲಿಗಳನ್ನ ಪೂರ್ತಿ ತೆಗೆದು 2006ರಲ್ಲಿ ಇಲಿ ಮುಕ್ತ ಅಂತ ಘೋಷಣೆ ಆಯ್ತು, 2019ಕ್ಕೆ ಪಫಿನ್ 375ಕ್ಕೆ ಏರಿದ್ವು. ಇದರ ಉಲ್ಟಾ ಕಥೆ ದಕ್ಷಿಣ ಅಟ್ಲಾಂಟಿಕ್‌ನ ಗಾಫ್ ದ್ವೀಪದ್ದು. ಹಿಂದೆ ಯಾವುದೋ ಹಡಗಲ್ಲಿ ಬಂದ ಸಾಮಾನ್ಯ ಚುಂಡಿಲಿಗಳು ಅಲ್ಲಿ ಆಲ್ಬಟ್ರಾಸ್ ಮರಿಗಳನ್ನ ಜೀವಂತವಾಗಿ ತಿನ್ನೋಕೆ ಶುರು ಮಾಡಿದ್ವು, 2021ರಲ್ಲಿ ದೊಡ್ಡ ಕಾರ್ಯಾಚರಣೆ ಮಾಡಿ ವಿಷ ಹಾಕಿದ್ರು, ಅದೇ ವರ್ಷ ಡಿಸೆಂಬರ್‌ನಲ್ಲಿ ಮತ್ತೆ ಇಲಿ ಕಾಣಿಸ್ತು. ಅಂದ್ರೆ ಒಂದು ಸಲ ಒಳಗೆ ಬಂದಿದ್ದನ್ನ ಹೊರಗೆ ಹಾಕೋದು ಹೆಲಿಕಾಪ್ಟರ್, ಟನ್‌ಗಟ್ಟಲೆ ವಿಷ, ವರ್ಷಗಟ್ಟಲೆ ತಯಾರಿ ಬೇಡೋ ಕೆಲಸ, ಅಷ್ಟು ಮಾಡಿದ್ರೂ ಆಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಒಳಗೆ ಬರ್ದಂಗೆ ನೋಡ್ಕೊಳ್ಳೋಕೆ ಬೇಕಾಗಿರೋದು ಒಂದು ಬ್ರಷ್, ಒಂದು ಬಕೆಟ್, ಗಮನ ಇಟ್ಟು ನೋಡೋ ಒಂದು ಜೊತೆ ಕಣ್ಣು.

ಹಾಗಾಗಿ ವಾಲಂಟಿಯರ್ ಕೆಲಸ ದ್ವೀಪದಲ್ಲಿ ಶುರುವಾಗಲ್ಲ, ಮನೇಲಿ ಬ್ಯಾಗ್ ತುಂಬುವಾಗಲೇ ಶುರುವಾಗತ್ತೆ. ಬಟ್ಟೆ ಒಗೆದಿರ್ಬೇಕು, ಜೇಬು ಒಳಗಿಂದ ಹೊರಗೆ ಮಾಡಿ ನೋಡ್ಬೇಕು, ಸಾಕ್ಸ್‌ಗೆ ಹುಲ್ಲಿನ ಬೀಜ ಅಂಟಿದ್ರೆ ಕಿತ್ತು ಬಿಸಾಕ್ಬೇಕು, ಬೂಟಿನ ಗೆರೆಗಳ ಸಂದೀಲಿ ಒಣಗಿದ ಮಣ್ಣಿದ್ರೆ ಕಡ್ಡಿಯಿಂದ ಕೆದಕಿ ತೆಗೀಬೇಕು. ಊಟದ ಸಾಮಾನು ಮುಚ್ಚಳ ಗಟ್ಟಿಯಾಗಿ ಕೂರೋ ಡಬ್ಬಿಗಳಲ್ಲಿ, ರಟ್ಟಿನ ಪೆಟ್ಟಿಗೆ ಬಹಳ ಕಡೆ ಬೇಡ ಅಂತಾರೆ, ಯಾಕಂದ್ರೆ ಅದರ ಮಡಿಕೆ ಒಳಗೆ ಜಿರಲೆ, ಇರುವೆ, ಇಲಿಮರಿ ಎಲ್ಲಾ ಆರಾಮಾಗಿ ಪ್ರಯಾಣ ಮಾಡ್ತವೆ. ಹವಾಯಿಯ ವಾಯವ್ಯಕ್ಕಿರೋ ಕೆಲವು ಕಿರುದ್ವೀಪಗಳಿಗೆ ಹೋಗೋರು ಬಟ್ಟೆಬರೆ ಎಲ್ಲಾ 48 ಗಂಟೆ ಫ್ರೀಜರ್‌ನಲ್ಲಿಟ್ಟು ತಗೊಂಡು ಹೋಗ್ಬೇಕು. ಹಿಂದೂ ಮಹಾಸಾಗರದ ಸೇಶೆಲ್ಸ್‌ನ ಕಸಿನ್ ದ್ವೀಪದಲ್ಲಂತೂ ಹೊರಗಿನ ದೋಣಿ ದಡ ಮುಟ್ಟೋ ಹಾಗೇ ಇಲ್ಲ, ದೂರದಲ್ಲಿ ನಿಲ್ಲಿಸಿ ಅಲ್ಲಿಂದ ರಿಸರ್ವ್‌ನವರ, ಅಂದ್ರೆ ಆ ಸಂರಕ್ಷಿತ ಜಾಗ ನೋಡ್ಕೊಳ್ಳೋರ, ಸ್ವಂತ ದೋಣೀಲಿ ಜನರನ್ನ ಕರ್ಕೊಂಡು ಬರ್ತಾರೆ. 1968ರಲ್ಲಿ ಪಕ್ಷಿ ಸಂರಕ್ಷಣೆಗೆ ಅಂತ ಆ ದ್ವೀಪ ಕೊಂಡುಕೊಂಡಾಗ ಅದು ತೆಂಗಿನ ತೋಟ, ಸೇಶೆಲ್ಸ್ ವಾರ್ಬ್ಲರ್ ಅನ್ನೋ ಪುಟ್ಟ ಹಕ್ಕಿ ಇಡೀ ಪ್ರಪಂಚದಲ್ಲಿ ಮೂವತ್ತರ ಒಳಗೆ ಉಳಿದಿತ್ತು, ಉಳಿದಿದ್ದೂ ಅಲ್ಲಿ ಮಾತ್ರ. ಅಷ್ಟು ಕಟ್ಟುನಿಟ್ಟು ಯಾಕೆ ಅಂತ ಆ ಒಂದು ಸಂಖ್ಯೆನೇ ಹೇಳತ್ತೆ.

ಇಳಿದ ಮೇಲೆ ಮೊದಲು ಬ್ಯಾಗ್ ಒಂದು ಮುಚ್ಚಿದ ಕೋಣೇಲಿ ಬಿಚ್ಚಿಸ್ತಾರೆ, ಬಾಗಿಲು ಹಾಕಿರತ್ತೆ, ಏನಾದ್ರೂ ಓಡಿದ್ರೆ ಅಲ್ಲೇ ಹಿಡೀಬೇಕು ಅಂತ. ಆಮೇಲೆ ವಾರಕ್ಕೊಮ್ಮೆನೋ ಹದಿನೈದು ದಿನಕ್ಕೊಮ್ಮೆನೋ ಕರಾವಳಿ ಸುತ್ತ ಇಟ್ಟಿರೋ ಪುಟ್ಟ ಪೆಟ್ಟಿಗೆಗಳನ್ನ ತೆಗೆದು ನೋಡೋ ಸರದಿ. ಒಳಗೆ ಚಾಕೊಲೇಟ್ ವಾಸನೆಯ ಮೇಣದ ತುಂಡು ಇರತ್ತೆ, ವಿಷ ಅಲ್ಲ, ಬರೀ ಮೇಣ. ಇಲಿ ಬಂದಿದ್ರೆ ಕಡಿದಿರತ್ತೆ, ಎರಡು ಬಾಚಿಹಲ್ಲಿನ ಜೋಡಿ ಗೆರೆ ಬೀಳತ್ತೆ. ಬಸವನಹುಳ ಕೆರೆದಿದ್ರೆ ಬೇರೆ ಥರ, ಜೀರುಂಡೆ ಕೊರೆದಿದ್ರೆ ಇನ್ನೊಂದು ಥರ, ಆ ವ್ಯತ್ಯಾಸ ಕಲಿಯೋಕೆ ಫೋಟೋ ಕೊಡ್ತಾರೆ. ನ್ಯೂಜಿಲೆಂಡ್ ಕಡೆ ಇದಕ್ಕೆ ಬದಲು ಒಂದು ಉದ್ದನೆ ಪ್ಲಾಸ್ಟಿಕ್ ಸುರಂಗ, ಮಧ್ಯೆ ಮಸಿ, ಪಕ್ಕದಲ್ಲಿ ಬಿಳಿ ಕಾರ್ಡು, ಕಡಲೆಬೀಜದ ಬೆಣ್ಣೆ ವಾಸನೆಗೆ ಒಳಗೆ ಬಂದ ಪ್ರಾಣಿ ಹೆಜ್ಜೆ ಗುರುತು ಬಿಟ್ಟು ಹೋಗತ್ತೆ. ತೊಂಬತ್ತೊಂಬತ್ತು ಸಲ ಏನೂ ಸಿಗಲ್ಲ. ಏನೂ ಸಿಗ್ಲಿಲ್ಲ ಅಂತ ತಾರೀಕು ಹಾಕಿ ಬರೆದಿಡೋದೇ ಕೆಲಸ, ಆ ಖಾಲಿ ಸಾಲುಗಳೇ ದ್ವೀಪ ಸ್ವಚ್ಛವಾಗಿದೆ ಅನ್ನೋದಕ್ಕಿರೋ ಸಾಕ್ಷಿ.

ಈಗ ಒಂದು ದ್ವೀಪ ಹಿಡ್ಕೊಂಡು ನೋಡೋಣ. ವೇಲ್ಸ್‌ನ ಪೆಂಬ್ರೋಕ್‌ಷೈರ್ ತುದೀಲಿರೋ ಸ್ಕೋಮರ್, ಮೂರು ಚದರ ಕಿಲೋಮೀಟರ್‌ಗೂ ಸ್ವಲ್ಪ ಕಮ್ಮಿ. ಮ್ಯಾಂಕ್ಸ್ ಶಿಯರ್‌ವಾಟರ್ ಅನ್ನೋ ಹಕ್ಕಿಯ ಪ್ರಪಂಚದ ಅತಿದೊಡ್ಡ ನೆಲೆ, ಸುಮಾರು 3.5 ಲಕ್ಷ ಜೋಡಿ. ಪಫಿನ್‌ಗಳೂ ಅಷ್ಟೇ ಪ್ರಸಿದ್ಧಿ, 2025ರ ಎಣಿಕೇಲಿ 43,626 ಸಿಕ್ಕಿದ್ವು. ಇಲ್ಲಿ ಇಲಿ ಯಾವತ್ತೂ ನೆಲೆ ಊರಿಲ್ಲ, ಅದೇ ಇದರ ಗುಟ್ಟು. ವಾರದ ವಾಲಂಟಿಯರ್‌ಗಳು ಶನಿವಾರ ಬಂದು ಶನಿವಾರ ಹೋಗ್ತಾರೆ, ಹಳೇ ಫಾರ್ಮ್ ಕಟ್ಟಡದಲ್ಲಿ ವಾಸ, ಊಟದ ಸಾಮಾನು ಪೂರ್ತಿ ವಾರಕ್ಕಾಗೋಷ್ಟು ತಾವೇ ಹೊತ್ಕೊಂಡು ಬರ್ಬೇಕು. ದೋಣಿ ಕಟ್ಟೋ ಜಾಗದಿಂದ ಮೇಲೆ ಹತ್ತೋಕೆ 87 ಮೆಟ್ಟಿಲು, ಅದನ್ನ ಹತ್ತೋ ಹೊತ್ತಿಗೆ ಸಾಮಾನು ಎಷ್ಟು ಕಮ್ಮಿ ತಂದ್ರೆ ಒಳ್ಳೇದು ಅಂತ ಭುಜಕ್ಕೆ ಗೊತ್ತಾಗತ್ತೆ. ಆದ್ರೂ ಎರಡು ದಿನದ ಊಟ ಜಾಸ್ತಿ ತರೋದೇ ಬುದ್ಧಿವಂತಿಕೆ. ಉತ್ತರದಿಂದ ಗಾಳಿ ಜೋರಾಗಿ ಬೀಸಿದ್ರೆ ದೋಣಿ ಬರಲ್ಲ, ಯಾಕಂದ್ರೆ ಇಳಿಯೋ ಕೊಲ್ಲಿಯ ಬಾಯಿ ಇರೋದೇ ಉತ್ತರಕ್ಕೆ. ಇಂಥ ಎಲ್ಲಾ ದ್ವೀಪಗಳಲ್ಲೂ ಹೀಗೇ, ವೇಳಾಪಟ್ಟಿ ಹಾಕೋರು ದ್ವೀಪ ನೋಡ್ಕೊಳ್ಳೋ ವಾರ್ಡನ್ ಆದ್ರೂ ಅದನ್ನ ಒಪ್ಪೋದು ಬಿಡೋದು ಗಾಳಿ.

ನೀರಿನ ವಿಷ್ಯನೂ ಹೇಳ್ಬೇಕು. ಸಣ್ಣ ದ್ವೀಪಗಳಲ್ಲಿ ಸಿಹಿನೀರು ಅಂದ್ರೆ ಮಾಡಿನ ಮೇಲೆ ಬಿದ್ದ ಮಳೆನೀರು ಇಲ್ಲಾ ಒಂದು ಬಾವಿ. ಮಾಡಿನ ಮೇಲೆ ಹಕ್ಕಿಗಳೂ ಕೂರ್ತವೆ, ಹಿಕ್ಕೆ ಹಾಕ್ತವೆ, ಹಾಗಾಗಿ ಸೋಸಿ ಶುದ್ಧ ಮಾಡದೆ ಕುಡಿಯೋ ಹಾಗಿಲ್ಲ. ಸ್ನಾನಕ್ಕೆ ಸರದಿ, ಪಾತ್ರೆ ತೊಳೆದ ನೀರು ಇನ್ನೊಂದಕ್ಕೆ, ಕರೆಂಟು ಸೋಲಾರ್‌ದು, ಮೋಡ ಕವಿದ ವಾರ ಬಂದ್ರೆ ಫೋನ್ ಚಾರ್ಜ್ ಮಾಡೋಕೂ ಲೆಕ್ಕ. ಕಕ್ಕಸು ಎಷ್ಟೋ ಕಡೆ ಗೊಬ್ಬರ ಮಾಡೋ ಥರದ್ದು. ಹೊರಗಿಂದ ತಂದ ಪ್ಯಾಕೆಟ್ಟು ಕಸ ಎಲ್ಲಾ ವಾಪಸ್ ದೋಣಿಗೆ.

ಬೆಳಗ್ಗೆ ಹೊರಗೆ ಕಾಲಿಟ್ಟ ತಕ್ಷಣ ಎರಡನೇ ದೊಡ್ಡ ನಿಯಮ: ಗುರುತು ಹಾಕಿದ ದಾರಿ ಬಿಟ್ಟು ಒಂದು ಹೆಜ್ಜೆನೂ ಆಚೆ ಇಡಬಾರದು. ಯಾಕಂದ್ರೆ ಶಿಯರ್‌ವಾಟರ್, ಪಫಿನ್ ಎರಡೂ ಬಿಲದಲ್ಲಿ ಮೊಟ್ಟೆ ಇಡ್ತವೆ, ಸ್ಕೋಮರ್‌ನಂಥ ಕಡೆ ಹುಲ್ಲಿನ ಕೆಳಗಿನ ನೆಲ ಜೇನುಗೂಡಿನ ಹಾಗೆ ಪೂರ್ತಿ ಟೊಳ್ಳು. ಮೇಲಿಂದ ನೋಡಿದ್ರೆ ಗಟ್ಟಿ ನೆಲನೇ, ಕಾಲಿಟ್ಟ್ರೆ ಮೊಣಕಾಲ ತನಕ ಒಳಗೆ, ಕೆಳಗೆ ಕಾವು ಕೂತಿರೋ ಹಕ್ಕಿ ಮಣ್ಣಲ್ಲಿ ಮುಚ್ಚಿಹೋಗತ್ತೆ. ಅಕಸ್ಮಾತ್ ಹಾಗಾದ್ರೆ ಮುಚ್ಚಿಡದೆ ತಕ್ಷಣ ಹೇಳ್ಬೇಕು, ಕೈಯಿಂದ ಮಣ್ಣು ತೆಗೆದು ಒಳಗಿನ ದಾರಿ ಬಿಡಿಸಿ ಮೇಲೆ ಹಲಗೆನೋ ಚಪ್ಪಟೆ ಕಲ್ಲೋ ಇಟ್ಟು ಛಾವಣಿ ಮಾಡಿಕೊಡ್ತಾರೆ. ಕೆಲವು ದ್ವೀಪಗಳಲ್ಲಿ ಸಂಶೋಧನೆಗೆ ದಾರಿ ಬಿಟ್ಟು ಹೋಗಲೇಬೇಕಾದಾಗ ಅಗಲವಾದ ಹಲಗೆ ಕಾಲಿಗೆ ಕಟ್ಕೊಂಡು ಭಾರ ಹರಡೋ ಹಾಗೆ ನಡೀತಾರೆ. ಸ್ಕೋಮರ್‌ಗೆ ದಿನಕ್ಕೆ 250 ಪ್ರವಾಸಿಗರಿಗೆ ಮಾತ್ರ ಅವಕಾಶ, ಅವರನ್ನ ಇಳಿಸ್ಕೊಂಡು ಈ ನಿಯಮ ಹೇಳಿ ಕಳ್ಸೋದು ವಾಲಂಟಿಯರ್‌ಗಳ ದೊಡ್ಡ ಕೆಲಸ. ಒಂದೇ ಮಾತನ್ನ ಪ್ರತಿ ದೋಣಿಗೂ ಹೇಳ್ಬೇಕು, ಕೊನೇ ದೋಣಿಯವರಿಗೂ ಮೊದಲನೇ ದೋಣಿಯವರಿಗೆ ಹೇಳಿದಷ್ಟೇ ಮನಸಿಟ್ಟು ಹೇಳ್ಬೇಕು. ದ್ವೀಪದ ಕೆಲಸಗಳಲ್ಲಿ ಅತಿ ಕಷ್ಟದ್ದು ಇದೇ ಅಂತ ನನಗನ್ಸತ್ತೆ, ಗುಡ್ಡ ಹತ್ತೋದಕ್ಕಿಂತ ಕಷ್ಟ.

ಇನ್ನು ಎಣಿಕೆ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಹೊರಗಿನವರಿಗೆ ಅತಿ ಕಮ್ಮಿ ಅರ್ಥವಾಗೋದು ಇದೇ.

ಗಿಲ್ಲಿಮಾಟ್ ಅಂತ ಒಂದು ಹಕ್ಕಿ, ಗೂಡೇ ಕಟ್ಟಲ್ಲ, ಕಡಿದಾದ ಬಂಡೆಯ ಅಂಚಿನ ಮೇಲೆ ಒಂದಕ್ಕೊಂದು ಒತ್ಕೊಂಡು ನಿಂತು ಬರೀ ಕಲ್ಲಿನ ಮೇಲೆ ಮೊಟ್ಟೆ ಇಡತ್ತೆ. ಇವನ್ನ ಎಣಿಸೋದು ಹೇಗೆ? ಬ್ರಿಟನ್‌ನಲ್ಲಿ ಒಪ್ಪಿಕೊಂಡಿರೋ ಕ್ರಮ ಏನಂದ್ರೆ ಗುರುತು ಮಾಡಿದ ಕೆಲವು ಬಂಡೆ ಭಾಗಗಳನ್ನ ಜೂನ್ ಮೊದಲ ಮೂರು ವಾರದಲ್ಲಿ ಐದರಿಂದ ಹತ್ತು ಸಲ, ಬೇರೆ ಬೇರೆ ದಿನ, ಹಗಲಿನ ನಿಗದಿತ ಗಂಟೆಗಳಲ್ಲೇ ಎಣಿಸ್ಬೇಕು. ಒಂದೇ ಸಲ ಯಾಕೆ ಸಾಲಲ್ಲ ಅಂದ್ರೆ, ಕಾವು ಕೂರದ ಹಕ್ಕಿಗಳು ಒಂದು ದಿನ ಬಂಡೆ ಮೇಲಿರ್ತವೆ, ಇನ್ನೊಂದು ದಿನ ಸಮುದ್ರದಲ್ಲಿರ್ತವೆ, ಮಂಜು ಗಾಳಿ ಇದ್ರೆ ಬೇರೆ ಲೆಕ್ಕ. ಒಂದು ದಿನದ ಸಂಖ್ಯೆ ನಂಬಿದ್ರೆ ಹಕ್ಕಿ ಜಾಸ್ತಿ ಆಯ್ತೋ ಕಮ್ಮಿ ಆಯ್ತೋ ಅನ್ನೋದು ಬರೀ ಆ ದಿನದ ಹವೆಯ ಸುದ್ದಿಯಾಗತ್ತೆ. ಹತ್ತು ದಿನದ ಸರಾಸರಿ ತೆಗೆದ್ರೆ ಆ ಏರುಪೇರು ಕರಗಿ ನಿಜವಾದ ಬದಲಾವಣೆ ಕಾಣತ್ತೆ. ಜೊತೆಗೆ ಎಷ್ಟು ಮರಿ ಉಳೀತು ಅನ್ನೋದು ಇನ್ನೊಂದು ಲೆಕ್ಕ. ಬಂಡೆಯ ದೊಡ್ಡ ಫೋಟೋ ತೆಗೆದು ಪ್ರತಿ ಜೋಡಿ ನಿಂತಿರೋ ಜಾಗಕ್ಕೆ ನಂಬರ್ ಹಾಕಿರ್ತಾರೆ, ದಿನಾ ಇಲ್ಲಾ ದಿನ ಬಿಟ್ಟು ದಿನ ಅದೇ ಜಾಗದಲ್ಲಿ ಟೆಲಿಸ್ಕೋಪ್ ಹಿಡ್ಕೊಂಡು ಕೂತು 14ನೇ ನಂಬರಿಗೆ ಮೊಟ್ಟೆ ಇದೆ, 15ಕ್ಕೆ ಮರಿ, 16 ಬೆನ್ನು ತಿರುಗಿಸ್ಕೊಂಡು ಕೂತಿದೆ ಕಾಣಿಸ್ತಿಲ್ಲ ಅಂತ ಬರೀತಾ ಹೋಗೋದು. ಆ 16 ಏಳೋ ತನಕ ಕಾಯ್ಬೇಕು, ಮುಕ್ಕಾಲು ಗಂಟೆ ಹಿಡೀಬಹುದು. ಮೂರು ವಾರದ ಮರಿ ಇನ್ನೂ ಹಾರೋಕೆ ಬರದೇ ಇದ್ರೂ ಬಂಡೆಯಿಂದ ಕೆಳಗೆ ಹಾರಿ ಬೀಳತ್ತೆ, ಕೆಳಗೆ ನೀರಲ್ಲಿ ಅಪ್ಪ ಕೂಗಿ ಕರೀತಿರತ್ತೆ. ಹದಿನೈದು ದಿನ ದಾಟಿದ ಮೇಲೆ ಮರಿ ಕಾಣೆಯಾದ್ರೆ ಹೋಗಿ ಸಮುದ್ರ ಸೇರ್ತು ಅಂತ ಲೆಕ್ಕ, ಅದಕ್ಕೆ ಮುಂಚೆ ಕಾಣೆಯಾದ್ರೆ ಸತ್ತಿದೆ ಅಂತ. ಅದಕ್ಕೇ ಒಂದು ದಿನನೂ ತಪ್ಪಿಸೋ ಹಾಗಿಲ್ಲ.

ಬಿಲದೊಳಗಿರೋ ಶಿಯರ್‌ವಾಟರ್‌ಗೆ ಇನ್ನೊಂದು ಉಪಾಯ. ಬಿಲದ ಬಾಯಿಗೆ ಒಂದು ಪುಟ್ಟ ಸ್ಪೀಕರ್ ಹಿಡಿದು ಅದೇ ಹಕ್ಕಿಯ ಕೂಗು ಹಾಕ್ತಾರೆ. ಒಳಗೆ ಕಾವು ಕೂತಿರೋದು ತನ್ನ ಮನೆಗೆ ಬೇರೆ ಯಾರೋ ಬಂದ್ರು ಅನ್ಕೊಂಡು ನೆಲದೊಳಗಿಂದ ಗಂಟಲು ಹರಿಯೋ ಹಾಗೆ ಉತ್ತರ ಕೊಡತ್ತೆ. ಆದ್ರೆ ಪ್ರತಿ ಹಕ್ಕಿನೂ ಪ್ರತಿ ಸಲ ಉತ್ತರ ಕೊಡಲ್ಲ, ಗಂಡು ಹೆಣ್ಣು ಇಬ್ಬರೂ ಸರದಿ ಮೇಲೆ ಕೂರ್ತವೆ, ಅದರಲ್ಲಿ ಗಂಡಿನ ಕೂಗು ಹಾಕಿದ್ರೆ ಗಂಡೇ ಹೆಚ್ಚಾಗಿ ಉತ್ತರ ಕೊಡೋದು. ಹಾಗಾದ್ರೆ ಸುಮ್ನಿರೋ ಬಿಲ ಖಾಲಿನಾ ಅಥವಾ ಒಳಗಿರೋದು ಮಾತಾಡ್ತಿಲ್ವಾ? ಇದಕ್ಕೆ ಒಂದಷ್ಟು ಬಿಲಗಳನ್ನ ಆರಿಸಿ ದಿನಾ ಅದೇ ಬಿಲಗಳಿಗೆ ಹೋಗಿ ಅದೇ ಕೂಗು ಹಾಕ್ತಾರೆ, ಹೊಸದಾಗಿ ಉತ್ತರ ಕೊಡೋ ಬಿಲ ಸಿಗೋದು ನಿಲ್ಲೋ ತನಕ. ನೂರು ಹಕ್ಕಿ ಇರೋ ಕಡೆ ಒಂದು ಸಲಕ್ಕೆ ಎಷ್ಟು ಉತ್ತರ ಬರತ್ತೆ ಅನ್ನೋ ಅನುಪಾತ ಆಗ ಸಿಗತ್ತೆ, ಅದರಿಂದ ಉಳಿದ ದ್ವೀಪದ ಲೆಕ್ಕ ಸರಿಪಡಿಸ್ತಾರೆ. ಆ 3.5 ಲಕ್ಷ ಅನ್ನೋ ಸಂಖ್ಯೆಯ ಹಿಂದೆ ಹೀಗೆ ಹೊಟ್ಟೆ ಮೇಲೆ ಮಲಗಿ ಬಿಲಕ್ಕೆ ಕಿವಿ ಕೊಟ್ಟ ಜನ ಇದ್ದಾರೆ.

ಎಲ್ಲಾ ದ್ವೀಪದಲ್ಲೂ ಎಣಿಕೆನೇ ಮುಖ್ಯ ಅಂತೇನಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ಹತ್ರ ಇರೋ ಟಿರಿಟಿರಿ ಮತಾಂಗಿ, 220 ಹೆಕ್ಟೇರ್, ಹಿಂದೆ ದನ ಕುರಿ ಮೇಯಿಸಿ ಬೋಳು ಮಾಡಿದ್ದ ಜಾಗ, 1984ರಿಂದ ಹತ್ತು ವರ್ಷದಲ್ಲಿ ವಾಲಂಟಿಯರ್‌ಗಳು ಎರಡೂವರೆ ಲಕ್ಷಕ್ಕೂ ಮೇಲೆ ಗಿಡ ನೆಟ್ಟು ಕಾಡು ಮಾಡಿದ್ರು. ಈಗ ಅಲ್ಲಿ ಹಿಹಿ ಅನ್ನೋ ಅಪರೂಪದ ಹಕ್ಕಿಗೆ ಸಕ್ಕರೆ ನೀರು ಇಡ್ತಾರೆ, ಹೊಸ ಕಾಡಲ್ಲಿ ವರ್ಷಪೂರ್ತಿ ಸಾಲೋಷ್ಟು ಮಕರಂದ ಇನ್ನೂ ಇಲ್ಲ ಅಂತ. ಆ ಸಕ್ಕರೆ ನೀರಿನ ಬಾಟಲಿಗಳನ್ನ ತೊಳೆದು ತುಂಬೋದು ಅಲ್ಲಿನವರ ದಿನಚರಿ, ಸರಿಯಾಗಿ ತೊಳೀದೆ ಬೂಷ್ಟು ಕಟ್ಟಿದ್ರೆ ಉಳಿಸೋಕೆ ಇಟ್ಟಿದ್ದೇ ಕಾಯಿಲೆ ಹರಡತ್ತೆ. ಸೇಶೆಲ್ಸ್‌ನಲ್ಲಾದ್ರೆ ಹಾಕ್ಸ್‌ಬಿಲ್ ಆಮೆಗಳು ಹಗಲಲ್ಲೇ ಮೊಟ್ಟೆ ಇಡೋಕೆ ಬರ್ತವೆ, ಹಾಗಾಗಿ ಬೀಚ್ ಸುತ್ತೋ ಕೆಲಸ ಬಿಸಿಲಲ್ಲೇ. ಪೆಸಿಫಿಕ್ ಸಾಗರದ ಮಿಡ್‌ವೇ ಅಟಾಲ್ ಅನ್ನೋ ಹವಳದ ದ್ವೀಪದಲ್ಲಿ ವರ್ಷದ ಕೊನೇಲಿ ವಾಲಂಟಿಯರ್‌ಗಳು ಸಾಲಾಗಿ ನಿಂತು ನಡೀತಾ ಲಕ್ಷಾಂತರ ಆಲ್ಬಟ್ರಾಸ್ ಗೂಡು ಒಂದೊಂದಾಗಿ ಎಣಿಸ್ತಾರೆ.

ರಾತ್ರಿ ಊಟ ಆದ್ಮೇಲೆ ಲಾಗ್, ಅಂದ್ರೆ ದಿನದ ದಾಖಲೆ. ಬ್ರಿಟನ್‌ನ ಇಂಥ ದ್ವೀಪಗಳಲ್ಲಿ ಎಲ್ಲರೂ ಮೇಜಿನ ಸುತ್ತ ಕೂತು ಒಬ್ಬರು ಹಕ್ಕಿಗಳ ಹೆಸರು ಒಂದೊಂದಾಗಿ ಓದ್ತಾರೆ, ಯಾರ್ಯಾರು ಎಲ್ಲೆಲ್ಲಿ ಎಷ್ಟು ನೋಡಿದ್ರಿ ಅಂತ ಹೇಳ್ಬೇಕು, ಎರಡು ಸಲ ಎಣಿಕೆ ಆಗಿಲ್ಲ ತಾನೇ ಅಂತ ಕೇಳಿ ಬರ್ಕೋತಾರೆ. ದಣಿದಿರೋ ದಿನ ಇದು ಉದ್ದ ಅನ್ಸತ್ತೆ. ಆದ್ರೆ ಸ್ಕೋಮರ್ ಪಕ್ಕದ ಸ್ಕೋಕಮ್ ದ್ವೀಪದಲ್ಲಿ ಪಕ್ಷಿತಜ್ಞ ರೊನಾಲ್ಡ್ ಲಾಕ್ಲಿ 1933ರಲ್ಲೇ ಬ್ರಿಟನ್ನಿನ ಮೊದಲ ಪಕ್ಷಿ ವೀಕ್ಷಣಾಲಯ ಶುರು ಮಾಡಿದ್ದು, ಸ್ಕೋಮರ್‌ನ ಗಿಲ್ಲಿಮಾಟ್ ಅಧ್ಯಯನ ಪಕ್ಷಿವಿಜ್ಞಾನಿ ಟಿಮ್ ಬರ್ಕ್‌ಹೆಡ್ 1972ರಲ್ಲಿ ಶುರು ಮಾಡಿದ್ದು. 2014ರ ಚಳಿಗಾಲದ ಬಿರುಗಾಳಿಗಳಲ್ಲಿ ಯುರೋಪಿನ ಅಟ್ಲಾಂಟಿಕ್ ದಡಕ್ಕೆ 50 ಸಾವಿರಕ್ಕೂ ಮೇಲೆ ಸತ್ತ ಕಡಲಹಕ್ಕಿಗಳು ಬಂದು ಬಿದ್ದಾಗ, ಸ್ಕೋಮರ್‌ನ ಗಿಲ್ಲಿಮಾಟ್‌ಗಳಿಗೆ ಎಷ್ಟು ಪೆಟ್ಟು ಬಿತ್ತು ಅಂತ ಲೆಕ್ಕ ಹಾಕೋಕೆ ಆಗಿದ್ದು ದಶಕಗಳ ಆ ದಾಖಲೆಯಿಂದ, ಕಾಲಿಗೆ ಉಂಗುರ ಹಾಕಿ ವರ್ಷ ವರ್ಷ ಓದಿದ ನಂಬರುಗಳಿಂದ. ಮಿಡ್‌ವೇನ ವಿಸ್ಡಮ್ ಅನ್ನೋ ಲೇಸನ್ ಆಲ್ಬಟ್ರಾಸ್‌ಗೆ 1956ರಲ್ಲಿ ಉಂಗುರ ಹಾಕಿದ್ರು, 2024ರಲ್ಲಿ ಅದು ಮತ್ತೆ ಮೊಟ್ಟೆ ಇಡ್ತು, ವಯಸ್ಸು ಕಮ್ಮಿ ಅಂದ್ರೂ 74. ಉಂಗುರ ಹಾಕಿದ ಮನುಷ್ಯ ಹೋದ ಮೇಲೂ ಹಕ್ಕಿಯ ಕಥೆ ಮುಂದುವರಿಯೋ ಕಡೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗೋ ನೋಟ್‌ಬುಕ್ ಇಲ್ದೆ ಏನೂ ಗೊತ್ತಾಗಲ್ಲ.

ಲಾಗ್ ಮುಗಿದ ಮೇಲೆ ಕಿಟಕಿ ಪರದೆ ಎಳೀಬೇಕು, ಬಿಳೀ ಟಾರ್ಚ್ ಬದಲು ಕೆಂಪು ಬೆಳಕು. ಶಿಯರ್‌ವಾಟರ್‌ನ ಕಾಲು ಹಿಂದಕ್ಕಿವೆ, ನೀರಲ್ಲಿ ಮುಳುಗೋಕೆ ಒಳ್ಳೇದು, ನೆಲದ ಮೇಲೆ ನಡೆಯೋಕೆ ಬರಲ್ಲ, ತೆವಳತ್ತೆ. ಹಗಲಲ್ಲಿ ಬಂದ್ರೆ ದೊಡ್ಡ ಗಲ್ ಹಕ್ಕಿಗಳು ಹಿಡಿದು ತಿಂದ್ಬಿಡ್ತವೆ, ಅದಕ್ಕೇ ಕತ್ತಲಾದ ಮೇಲೆ, ಅದರಲ್ಲೂ ಚಂದ್ರ ಇಲ್ಲದ ರಾತ್ರಿ ಹಿಂಡು ಹಿಂಡಾಗಿ ಕೂಗ್ತಾ ಇಳೀತವೆ. ಆಗಸ್ಟ್ ಕೊನೆ ಸೆಪ್ಟೆಂಬರ್‌ನಲ್ಲಿ ಮರಿಗಳು ಮೊದಲ ಸಲ ಹೊರಗೆ ಬಂದು ಸೀದಾ ದಕ್ಷಿಣ ಅಮೆರಿಕಾ ಕಡೆ ಹೊರಡ್ತವೆ, ಅಪ್ಪ ಅಮ್ಮ ಜೊತೆಗಿಲ್ಲ, ದಾರಿ ತೋರ್ಸೋರಿಲ್ಲ. ಆ ಹೊತ್ತಲ್ಲಿ ಒಂದು ಬಿಳೀ ದೀಪ ಉರೀತಿದ್ರೆ ಅದರ ಕಡೆ ತಿರುಗಿ ಗೋಡೆಗೋ ನೆಲಕ್ಕೋ ಬೀಳ್ತವೆ, ಬೆಳಗಾದ್ರೆ ಗಲ್ ಪಾಲು. ರಾತ್ರಿ ಕಕ್ಕಸಿಗೆ ಹೋಗುವಾಗ ದೀಪ ಹಾಕಿ ಬಾಗಿಲು ತೆರೆದಿಡಬಾರದು ಅನ್ನೋ ಚೀಟಿ ಅಂಟಿಸಿರೋದು ಇದಕ್ಕೇ. ದಾರೀಲಿ ಕೂತಿದ್ರೆ ನೋಡ್ಕೊಂಡು ಹೆಜ್ಜೆ ಇಡ್ಬೇಕು, ತುಳಿಯೋದು ಸುಲಭ.

ಹಕ್ಕಿ ಮುಟ್ಟೋಕೆ ಸಿಗತ್ತಾ ಅಂತ ಕೇಳೋರಿಗೆ: ಬಹುಪಾಲು ವಾಲಂಟಿಯರ್‌ಗಳಿಗೆ ಇಲ್ಲ. ಉಂಗುರ ಹಾಕೋಕೆ ತರಬೇತಿ ಪರವಾನಗಿ ಬೇಕು, 2022ರಲ್ಲಿ ಹಕ್ಕಿಜ್ವರ ಹಬ್ಬಿದಾಗ ಬ್ರಿಟನ್ನಿನ ಕಡಲಹಕ್ಕಿ ನೆಲೆಗಳಲ್ಲಿ ಪರವಾನಗಿ ಇರೋರಿಗೂ ಅದನ್ನ ನಿಲ್ಲಿಸಿದ್ರು. ಸತ್ತ ಹಕ್ಕಿ ಕಂಡ್ರೆ ಮುಟ್ಟದೆ ಎಲ್ಲಿ ಯಾವುದು ಎಷ್ಟು ಅಂತ ಬರೆದು ಹೇಳೋದು, ಬೂಟು ಸೋಂಕುನಾಶಕದಲ್ಲಿ ಅದ್ದೋದು, ಅಷ್ಟೇ.

ಹೋಗ್ಬೇಕು ಅಂತ ಮನಸಿದ್ರೆ ಅರ್ಜಿ ಹಾಕೋಕೆ ಮುಂಚೆ ಕೆಲವು ಪ್ರಶ್ನೆ ಕೇಳಿ. ನೀವು ಸಂಗ್ರಹಿಸೋ ಲೆಕ್ಕ ಯಾವ ವರದಿಗೆ ಹೋಗತ್ತೆ, ಆ ವರದಿ ಓದೋಕೆ ಸಿಗತ್ತಾ. ಬಯೋಸೆಕ್ಯುರಿಟಿ ನಿಯಮ, ಅಂದ್ರೆ ಇಲಿ, ಬೀಜ, ರೋಗ ಒಳಗೆ ಬರ್ದಂಗೆ ತಡೆಯೋ ನಿಯಮ, ಬರಹದಲ್ಲಿ ಮೊದಲೇ ಕಳಿಸ್ತಾರಾ. ದುಡ್ಡು ಕೇಳಿದ್ರೆ ಅದು ಊಟ ವಸತಿಗೋ, ರಿಸರ್ವ್ ನಡೆಸೋಕೋ, ಮಧ್ಯದವರಿಗೋ. ಆರೋಗ್ಯ ಕೆಟ್ಟರೆ ದಡಕ್ಕೆ ಹೇಗೆ ಸಾಗಿಸ್ತಾರೆ, ಗಾಳಿ ಜೋರಿದ್ದ ದಿನ ಏನ್ ಮಾಡ್ತಾರೆ. ದಿನಾ ತಗೊಳ್ಳೋ ಮಾತ್ರೆ ಇದ್ರೆ ಇರೋ ದಿನಕ್ಕಿಂತ ಒಂದು ವಾರದ್ದು ಜಾಸ್ತಿ ತಗೊಂಡು ಹೋಗಿ. ಪ್ರಾಣಿ ಅಪ್ಪಿಕೊಂಡು ಫೋಟೋ ತೆಗೆಸ್ಕೊಳ್ಳಿ ಅಂತ ಜಾಹೀರಾತು ಹಾಕೋ ಜಾಗ ಬಿಟ್ಟುಬಿಡಿ, ಬೂಟಿನ ಸಂದಿ ತೋರ್ಸಿ ಅಂತ ಕೇಳೋ ಜಾಗ ಆರಿಸ್ಕೊಳ್ಳಿ.